ಬೆನ್ನಟ್ಟಬಾರದವನು

ಗೆಂಟ್, ಬೆಲ್ಜಿಯಂ
ಮಾರ್ಚ್ 1, 1987

ಅಮ್ಮಾ,

ಬಂದು ಸೇರಿದೆ. ಸೈಕಲ್ಲೂ ಕ್ಷೇಮ, ನಾನೂ ಕ್ಷೇಮ. ನೀನು ಬಟ್ಟೆಯಲ್ಲಿ ಸುತ್ತಿ ಕೊಟ್ಟ ಚೀಸ್ ಮಾತ್ರ ವಿಮಾನ ನಿಲ್ದಾಣದ ಸುಂಕದವರ ಪಾಲಾಯಿತು. ವಿಸ್ಕಾನ್ಸಿನ್ನಿನ ಚೀಸ್ ಅಂದರೆ ಏನೆಂದು ಅವರಿಗೂ ಗೊತ್ತಾಗಲಿ ಬಿಡು.

ನಾನಿರುವುದು ಗೆರ್ಡಾ ಎಂಬ ವಿಧವೆಯ ಮನೆಯ ಮಹಡಿಯಲ್ಲಿ. ಗಂಡ ಕಸಾಯಿ ಅಂಗಡಿ ಇಟ್ಟಿದ್ದನಂತೆ. ಈಗ ಈಕೆ ನಮ್ಮ ತಂಡದ ಸವಾರರಿಗೆ ಊಟ ಹಾಕುತ್ತಾಳೆ. ತಟ್ಟೆಯಲ್ಲಿ ಬಿಟ್ಟರೆ ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಾಳೆ. "ಊಟ ಬಿಟ್ಟೋನು ಬೆಟ್ಟ ಹತ್ತಿದ್ದನ್ನ ನಾನು ಕಂಡಿಲ್ಲ" ಎನ್ನುತ್ತಾಳೆ. ನಿನ್ನ ಅಕ್ಕನಾಗಿ ಹುಟ್ಟಬೇಕಾದವಳು.

ನಮಗೆ ಸಂಬಳ ಕೊಡುವುದು ಹಾಸಿಗೆ ಮಾಡುವ ಒಂದು ಕಂಪನಿ. ಅಂಗಿಯ ಬೆನ್ನ ಮೇಲೆ ದೊಡ್ಡದಾಗಿ ಹಾಸಿಗೆಯ ಚಿತ್ರ. ನಕ್ಕರೆ ನಗು. ನಮ್ಮ ಟೋರ್ಪ್ ಕ್ರೀಕಿನಲ್ಲಿ ಸಂಬಳಕ್ಕೆ ಸೈಕಲ್ ತುಳಿದವನು ನನಗಿಂತ ಮೊದಲು ಯಾರಿದ್ದಾನೆ ಹೇಳು? ತಂಡದ ಮೇಲ್ವಿಚಾರಕ ಆಲ್ಬೆರಿಕ್ ಮೊದಲ ದಿನವೇ ಹೇಳಿಬಿಟ್ಟ: "ಗೆಲ್ಲೋದು ನಿನ್ನ ಕೆಲಸ ಅಲ್ಲ. ಗೆಲ್ಲೋನಿಗೆ ನೀರು ತಂದುಕೊಡೋದು ನಿನ್ನ ಕೆಲಸ." ಅಂದರೆ ಹಿಂದೆ ಬರುವ ನಮ್ಮ ಕಾರಿನ ತನಕ ವೇಗ ತಗ್ಗಿಸಿ ಹೋಗಿ, ಬಾಟಲಿಗಳನ್ನು ಅಂಗಿಯೊಳಗೆ ತುರುಕಿಕೊಂಡು, ಬಸುರಿಯ ಹಾಗೆ ಉಬ್ಬಿ, ಮತ್ತೆ ಇಡೀ ಗುಂಪನ್ನು ದಾಟಿ ನಾಯಕನ ಹತ್ತಿರ ಬರುವುದು. ಗುಂಪು ಅಂದರೆ ಮೊಣಕೈಗೆ ಮೊಣಕೈ ತಾಗಿ ಓಡುವ ಗೋಡೆ. ಎದುರಿನವನು ಮೊಣಕೈಯನ್ನು ಒಂದಿಷ್ಟು ಒಳಗೆಳೆದುಕೊಂಡರೆ ನಮಗೆ ದಾರಿ, ಇಲ್ಲವಾದರೆ ಇಲ್ಲ. ಇಲ್ಲಿಯ ತನಕ ಎಲ್ಲರೂ ಎಳೆದುಕೊಂಡಿದ್ದಾರೆ.

ಕರಾರು ಅಕ್ಟೋಬರಿನ ತನಕ. ಆಮೇಲೆ ಉಳಿಸಿಕೊಂಡರೆ ಇಲ್ಲಿ, ಕಳಿಸಿದರೆ ಚೀಸ್ ಕಾರ್ಖಾನೆಯಲ್ಲಿ ಅಪ್ಪನ ಪಕ್ಕ. ಕಳಿಸುವುದಿಲ್ಲ, ನೋಡುತ್ತಿರು. ಅಪ್ಪ ಏನಂದರು?

ನಿನ್ನ ಮಗ
ರೋಲ್ಫ್


ಟೋರ್ಪ್ ಕ್ರೀಕ್, ವಿಸ್ಕಾನ್ಸಿನ್
ಮಾರ್ಚ್ 15, 1987

ರೋಲ್ಫ್‌ಗೆ,

ನಿನ್ನ ಕಾಗದ ಬಂತು. ಊಟದ ಮೇಜಿನ ಬಳಿ ಜೋರಾಗಿ ಓದಿದೆ. ಹಾಸಿಗೆ ಹೊತ್ತುಕೊಂಡು ಓಡುವುದಕ್ಕೆ ಸಂಬಳ ಕೊಡುತ್ತಾರೆಂದರೆ ಆ ದೇಶದಲ್ಲಿ ಹಣ ಹೆಚ್ಚಾಗಿರಬೇಕು. ಇಲ್ಲಿ ನಿನ್ನನ್ನು ಬೆಳಗ್ಗೆ ಹಾಸಿಗೆ ಬಿಡಿಸಲು ನಾನು ಪಟ್ಟ ಪಾಡು ನನಗೆ ಗೊತ್ತು.

ಹಿಮ ಇನ್ನೂ ಕರಗಿಲ್ಲ. ಶಾಲೆಯ ಬಸ್ಸಿನ ಚಕ್ರಗಳಿಗೆ ಸರಪಳಿ ಕಟ್ಟಿಕೊಂಡೇ ಓಡಿಸುತ್ತಿದ್ದೇನೆ. ಮಕ್ಕಳಿಗೆಲ್ಲ ನಿನ್ನ ವಿಷಯ ಹೇಳಿದ್ದೇನೆ. ಒಬ್ಬಳು ಕೇಳಿದಳು, "ಅವನು ಗೆದ್ನಾ?" ಅಂತ. ನೀರು ಹೊರುತ್ತಾನೆ ಅಂದೆ. "ಅದನ್ನ ನಾನೂ ಮಾಡ್ತೀನಿ, ನಮ್ಮ ಕರುಗಳಿಗೆ" ಅಂದಳು.

ಅಪ್ಪ ಏನಂದರು ಅಂತ ಕೇಳಿದ್ದೀಯ. ಕೇಳಿಸಿಕೊಂಡರು. ಕೈ ತೊಳೆದು ಹೊರಗೆ ಹೋದರು. ಕಾರ್ಖಾನೆಯ ಮೇಸ್ತ್ರಿ ನಿನಗಾಗಿ ಒಂದು ಜಾಗವನ್ನು ಶರತ್ಕಾಲದ ತನಕ ಹಿಡಿದಿಟ್ಟಿದ್ದಾನೆ, ಅದು ಅಪ್ಪನ ಮಾತಿನ ಮೇಲೆ. ನಿನಗೆ ನೆನಪಿರಲಿ ಅಂತ ಬರೆದೆ, ಹೆದರಿಸಲಿಕ್ಕಲ್ಲ. ನೀನು ಉಳಿಯುತ್ತೀಯ ಅನ್ನುವುದು ನನ್ನ ನಂಬಿಕೆ. ಅವರದೇನೋ ನಾನು ಕೇಳಿಲ್ಲ.

ಅಮ್ಮ
ಆರ್ಡಿಸ್


ಗೆಂಟ್
ಏಪ್ರಿಲ್ 12, 1987

ಅಮ್ಮಾ,

ಇವತ್ತಿನ ರೇಸಿನಲ್ಲಿ ನಿನ್ನ ಮಗ ಒಂದು ಊರಿಗೆ ಊರೇ ನೋಡುವ ಹಾಗೆ ಮುಂದೆ ಓಡಿದ. ಈಗಲೇ ಬರೆಯದೆ ಇರಲಾರೆ.

ಕಲ್ಲು ಹಾಸಿದ ದಾರಿ ಮುಗಿದು ಎಲ್ಲರೂ ಉಸಿರು ಬಿಡುತ್ತಿದ್ದರು. ಹೋಲ್ಡೆರ್‌ಬೆಕ್ ಎಂಬ ಹಳ್ಳಿ ಎದುರಿಗೆ ಕಾಣುತ್ತಿತ್ತು. ಆಗ ಬೇರೆ ತಂಡದ ಒಬ್ಬ, ಲೀವನ್ ಅಂತ ಹೆಸರು, ಈ ವರ್ಷ ನಿವೃತ್ತನಾಗುವ ಹಳೇ ಹುಲಿ, ಮೆಲ್ಲಗೆ ಗುಂಪಿನಿಂದ ಕಳಚಿಕೊಂಡು ಮುಂದೆ ಹೋದ. ಯಾರೂ ಹಿಂದೆ ಹೋಗಲಿಲ್ಲ. ಎಲ್ಲರೂ ಮಾತಾಡಿಕೊಂಡು, ಬಾಳೆಹಣ್ಣು ತಿಂದುಕೊಂಡು ಇದ್ದಾರೆ. ಇವರಿಗೆ ಕಣ್ಣಿಲ್ಲವೇ ಅಂದುಕೊಂಡು ನಾನು ಪೆಡಲಿನ ಮೇಲೆ ಎದ್ದು ನಿಂತೆ. ಗಾಳಿಯ ಹಾಗೆ ಹೋದೆ ಅಮ್ಮಾ. ನಾನು ಹೊರಟದ್ದು ನೋಡಿ ಇನ್ನಿಬ್ಬರು ಹೊರಟರು, ಅವರ ಹಿಂದೆ ಎಲ್ಲರೂ. ಹಳ್ಳಿಯ ನಡುವೆ ಲೀವನ್‌ನನ್ನು ಹಿಡಿದೇಬಿಟ್ಟೆ. ಅವನು ಬ್ರೇಕು ಹಾಕಿ ನಿಧಾನಿಸಿದ್ದ, ತಿರುಗಿ ನಮ್ಮನ್ನು ನೋಡಿ ಮತ್ತೆ ತುಳಿದ. ಅವನಿಗಿಂತ ಮೊದಲು ನಾನೇ ಊರು ದಾಟಿದ್ದು.

ರಸ್ತೆಯ ಎರಡೂ ಕಡೆ ಜನ ಕಿಕ್ಕಿರಿದಿದ್ದರು, ಹೂವು, ಬಾವುಟ, ಬ್ಯಾಂಡು ಎಲ್ಲ ಇತ್ತು. ನನಗೆ ಮಾತ್ರ ಒಂದು ಚಪ್ಪಾಳೆಯೂ ಇಲ್ಲ. ಒಬ್ಬಳು ದಪ್ಪ ಹೆಂಗಸು ಏನೋ ಕೂಗಿ ಮುಷ್ಟಿ ತೋರಿಸಿದಳು. ಅಮೆರಿಕದವನು ತಮ್ಮವನನ್ನು ಹಿಡಿದನಲ್ಲ ಅಂತ ಹೊಟ್ಟೆಕಿಚ್ಚು. ರೇಸು ಮುಗಿದ ಮೇಲೆ ನಮ್ಮ ತಂಡದವರೂ ಮುಖ ತಿರುಗಿಸಿಕೊಂಡರು. ಆಲ್ಬೆರಿಕ್ ಕಾರಿನೊಳಗಿಂದ ತನ್ನ ಭಾಷೆಯಲ್ಲಿ ಬೈದ, ನನಗೆ ಅರ್ಥವಾಗಲಿಲ್ಲ. ನೀರು ಹೊರುವವನು ಓಡಿದನಲ್ಲ ಅಂತ ಇರಬೇಕು. ಇರಲಿ, ಸರಿಹೋಗುತ್ತಾರೆ.

ಇದನ್ನು ಅಪ್ಪನಿಗೆ ಎರಡು ಸಲ ಓದು.

ರೋಲ್ಫ್


ಟೋರ್ಪ್ ಕ್ರೀಕ್
ಏಪ್ರಿಲ್ 24, 1987

ರೋಲ್ಫ್‌ಗೆ,

ಎರಡು ಸಲ ಓದು ಅಂದಿದ್ದೆ. ಒಂದು ಸಲ ಗಟ್ಟಿಯಾಗಿ ಓದಿದೆ. ಎರಡನೇ ಸಲ ನಾನೊಬ್ಬಳೇ ಬಸ್ಸಿನಲ್ಲಿ ಕೂತು ಓದಿಕೊಂಡೆ, ಯಾಕೆಂದರೆ ನನಗೆ ಏನೋ ಕಸಿವಿಸಿಯಾಯಿತು.

ನಾನು ಬಸ್ಸು ನಿಲ್ಲಿಸಿ ಕೆಂಪು ಫಲಕ ಹೊರಗೆ ಚಾಚಿದರೆ ಹಿಂದೆ ಬರುವ ಗಾಡಿಗಳೆಲ್ಲ ನಿಲ್ಲುತ್ತವೆ. ಹಾಲಿನ ಲಾರಿಯೂ ನಿಲ್ಲುತ್ತದೆ, ಪಾದ್ರಿಯ ಕಾರೂ ನಿಲ್ಲುತ್ತದೆ. ವರ್ಷಕ್ಕೊಮ್ಮೆ ಹೊರಗಿನವನೊಬ್ಬ ಬಂದು, ಇವರೆಲ್ಲ ಯಾಕೆ ಸುಮ್ಮನೆ ನಿಂತಿದ್ದಾರೆ ಅಂತ ಎಲ್ಲರನ್ನೂ ದಾಟಿಕೊಂಡು ಸುಯ್ಯನೆ ಹೋಗುತ್ತಾನೆ. ಅವನು ತನ್ನನ್ನು ತುಂಬ ಚುರುಕು ಅಂದುಕೊಂಡಿರುತ್ತಾನೆ.

ಅಷ್ಟು ಜನ ಓಡಬಲ್ಲವರು ಬಾಳೆಹಣ್ಣು ತಿನ್ನುತ್ತ ಕೂತಿದ್ದರೆ ಅದಕ್ಕೆ ಒಂದು ಕಾರಣ ಇರಲೇಬೇಕು. ಆ ಮನುಷ್ಯ ಊರಿನ ಮಧ್ಯೆ ಯಾಕೆ ಬ್ರೇಕು ಹಾಕಿದ? ಬ್ಯಾಂಡು ಯಾರಿಗಾಗಿ ಬಂದಿತ್ತು? ಕೇಳಿ ತಿಳಿದುಕೊ. ಆ ಗೆರ್ಡಾಳನ್ನೇ ಕೇಳು. ಊಟ ಹಾಕುವವರು ಸುಳ್ಳು ಹೇಳುವುದಿಲ್ಲ.

ಅಮ್ಮ


ಗೆಂಟ್
ಮೇ 10, 1987

ಅಮ್ಮಾ,

ಈ ಕಾಗದವನ್ನು ಅಪ್ಪನಿಗೆ ಓದಬೇಡ.

ನಾನು ಕೇಳುವ ಮೊದಲೇ ಗೆರ್ಡಾ ಹೇಳಿದಳು. ರೊಟ್ಟಿ ಅಂಗಡಿಯ ಸಾಲಿನಲ್ಲಿ ಯಾರೋ ಅವಳನ್ನು ಹಂಗಿಸಿದ್ದರಂತೆ, ನಿನ್ನ ಮನೆಯ ಅಮೆರಿಕದವನಿಗೆ ಮನುಷ್ಯತ್ವ ಇಲ್ಲವಲ್ಲ ಅಂತ. ಬಂದವಳೇ ಪಾತ್ರೆಯನ್ನು ಒಲೆಯ ಮೇಲೆ ಕುಕ್ಕಿದಳು.

"ಹೋಲ್ಡೆರ್‌ಬೆಕ್‌ನಲ್ಲಿ ಏನು ಮಾಡ್ದೆ ಅಂತ ಗೊತ್ತಾ ನಿಂಗೆ?"

"ಲೀವನ್‌ನ ಹಿಡಿದೆ."

"ಅದು ಅವನ ಊರು ಕಣೋ. ರೇಸು ಒಬ್ಬನ ಊರಿನ ಮೇಲೆ ಹೋದ್ರೆ ಅವನನ್ನ ಮುಂದೆ ಬಿಡ್ತಾರೆ. ಇಳಿದು ಮನೆಯವರನ್ನ ಮುದ್ದಾಡಿ, ಒಂದು ಗುಟುಕು ಕುಡಿದು, ಗುಂಪು ಬಂದಾಗ ಮತ್ತೆ ಸೇರ್ಕೊಳ್ತಾನೆ. ಅಷ್ಟು ಹೊತ್ತು ಯಾರೂ ಬೆನ್ನಟ್ಟೋಲ್ಲ. ನಮ್ಮಜ್ಜನ ಕಾಲದಿಂದ ಹಂಗೇ."

"ನಂಗೆ ಯಾರೂ ಹೇಳ್ಲಿಲ್ಲ."

"ಚರ್ಚಿನಲ್ಲಿ ಟೋಪಿ ತೆಗಿ ಅಂತ ನಿಂಗೆ ಯಾರು ಹೇಳಿದ್ರು?"

ಮುಂದಿನದ್ದು ಇನ್ನೂ ಕೆಟ್ಟದ್ದು. ಲೀವನ್‌ನ ಅಪ್ಪ ರೆಮಿ ಎನ್ನುವವನಿಗೆ ಚಳಿಗಾಲದಲ್ಲಿ ಲಕ್ವ ಹೊಡೆದು ಒಂದು ಪಕ್ಕ ಬಿದ್ದುಹೋಗಿದೆ. ಅವತ್ತು ಅಕ್ಕಪಕ್ಕದವರು ಅವನನ್ನು ಕುರ್ಚಿ ಸಮೇತ ಹೊತ್ತು ತಂದು ರಸ್ತೆ ಬದಿ ಕೂರಿಸಿದ್ದರು. ಮಗನ ಕೊನೆಯ ವರ್ಷ, ಮುಂದೆ ಚರಂಡಿಗಾಗಿ ರಸ್ತೆ ಅಗೆಯುವುದರಿಂದ ಅವನು ಊರೊಳಗೆ ಹಾಯುವ ಕೊನೆಯ ರೇಸು. ಲೀವನ್ ಬ್ರೇಕು ಹಾಕಿದ್ದು ಅಲ್ಲಿಯೇ. ಹಿಂದೆ ನಾನು ಇಡೀ ಗುಂಪನ್ನು ಎಳೆದುಕೊಂಡು ನುಗ್ಗಿ ಬಂದೆ. ಇಳಿದರೆ ಅವನ ರೇಸು ಅಲ್ಲಿಗೇ ಮುಗಿಯುತ್ತಿತ್ತು, ಅವನ ನಾಯಕನಿಗೆ ಆಸರೆ ಇರುತ್ತಿರಲಿಲ್ಲ. ಅಪ್ಪನ ಕಡೆ ಕೈ ಎತ್ತಿ ಹೊರಟುಹೋದ.

ನಾನು ಬೇಕೆಂದೇ ಮಾಡಿದೆ ಅಂತ ಎಲ್ಲರೂ ತಿಳಿದುಕೊಂಡಿದ್ದಾರೆ. ಗೊತ್ತಿರಲಿಲ್ಲ ಅಂದರೆ ನಗುತ್ತಾರೆ. ಅಂದಿನಿಂದ ಗುಂಪಿನಲ್ಲಿ ನನಗೆ ದಾರಿಯಿಲ್ಲ. ಬಾಟಲಿ ತುಂಬಿಕೊಂಡು ಬರುತ್ತೇನೆ, ಒಂದು ಮೊಣಕೈಯೂ ಒಳಗೆ ಹೋಗುವುದಿಲ್ಲ. ಎಡಕ್ಕೆ ಹೋದರೆ ಎಡಕ್ಕೆ ಒತ್ತುತ್ತಾರೆ, ಬಲಕ್ಕೆ ಹೋದರೆ ಚರಂಡಿ. ಯಾರೂ ಬೈಯುವುದಿಲ್ಲ, ನೋಡುವುದೂ ಇಲ್ಲ. ಹೋದ ವಾರ ನಮ್ಮ ನಾಯಕ ನೀರಿಲ್ಲದೆ ಬಳಲಿ ಸೋತ, ನಾನು ಅಂಗಿಯೊಳಗೆ ನೀರು ಇಟ್ಟುಕೊಂಡೇ ಹಿಂದೆ ಉಳಿದಿದ್ದೆ. "ಮುಂದೆ ಬರೋಕಾಗದವನು ನಂಗೆ ಯಾಕೆ?" ಎಂದು ಆಲ್ಬೆರಿಕ್ ಕೇಳಿದ. ನ್ಯಾಯವಾದ ಪ್ರಶ್ನೆಯೇ.

ಲೀವನ್‌ಗೆ ಒಂದು ಕಾಗದ ಬರೆಯೋಣ ಅಂದುಕೊಂಡಿದ್ದೇನೆ. ನನಗೆ ತುಂಬ ನಾಚಿಕೆಯಾಗಿದೆ ಅಮ್ಮಾ.

ರೋಲ್ಫ್


ಟೋರ್ಪ್ ಕ್ರೀಕ್
ಮೇ 22, 1987

ರೋಲ್ಫ್‌ಗೆ,

ಕಾಗದ ಬರೆಯಬೇಡ. ಕಾಗದವನ್ನು ಓದದೆ ಒಲೆಗೆ ಹಾಕಬಹುದು, ಬಾಗಿಲಲ್ಲಿ ನಿಂತವನನ್ನು ಒಲೆಗೆ ಹಾಕಲಾಗುವುದಿಲ್ಲ. ಹೋಗಿ ಮುಖ ತೋರಿಸು. ಗೊತ್ತಿರಲಿಲ್ಲ ಅಂತ ಶುರುಮಾಡಬೇಡ. ಫಲಕ ದಾಟಿ ಹೋದವರೆಲ್ಲ ನನಗೆ ಅದನ್ನೇ ಹೇಳುವುದು, ನನಗೆ ಅದನ್ನು ಕೇಳಿ ಕೇಳಿ ಸಾಕಾಗಿದೆ.

ನಿನ್ನಲ್ಲಿ ಕೆಡುಕಿಲ್ಲ. ಆತುರ ಇದೆ, ಅದು ನನ್ನ ಕಡೆಯಿಂದ ಬಂದದ್ದು. ಎದೆಗುಂದಬೇಡ. ಎಡವಿದ ಕಾಲೇ ಮುಂದೆ ನೋಡಿ ನಡೆಯುವುದು.

ನೀನು ಬೇಡ ಅಂದರೂ ಅಪ್ಪನಿಗೆ ಓದಿದೆ. ಈ ಮನೆಯಲ್ಲಿ ಮುಚ್ಚಿಡುವ ಪದ್ಧತಿ ಇಲ್ಲ. ಅವರು ಕೇಳಿದರು: "ಆ ಕುರ್ಚಿಗೆ ಹಿಡಿ ಇದೆಯೋ ಇಲ್ವೋ?" ನನಗೇನು ಗೊತ್ತು. "ಎರಡು ಕಡೆ ಉದ್ದ ಕೋಲು ಕಟ್ಟಿದ್ರೆ ಹೊರೋದು ಸುಲಭ" ಅಂದರು. ಅಷ್ಟೇ.

ಅಮ್ಮ


ಗೆಂಟ್
ಜುಲೈ 5, 1987

ಅಮ್ಮಾ,

ಹೋಗಿ ಬಂದೆ. ಒಂದು ಸಲವಲ್ಲ, ಈಗ ರಜೆ ಸಿಕ್ಕಾಗಲೆಲ್ಲ ಹೋಗುತ್ತಿದ್ದೇನೆ. ಮೊದಲ ಸಲದ್ದನ್ನು ಹೇಳುತ್ತೇನೆ.

ಬಾಗಿಲು ತೆರೆದೇ ಇತ್ತು. ರೆಮಿ ಕಿಟಕಿಯ ಪಕ್ಕ ಕೂತಿದ್ದ. ಬಾಯಿ ಒಂದು ಕಡೆಗೆ ಸೊಟ್ಟ, ಕಣ್ಣು ಮಾತ್ರ ಹದ್ದಿನದು.

"ಯಾರು?"

"ರೋಲ್ಫ್ ಟೋರ್ಗರ್ಸನ್."

"ಹಾಸಿಗೆಯವನಾ? ಬಾ ಒಳಗೆ. ಕಾಲು ಒರೆಸ್ಕೊ." ನಾನು ಒರೆಸಿಕೊಳ್ಳುವುದನ್ನು ನೋಡಿದ. "ನನ್ನ ಮಗ ನಮ್ಮನೆ ಮುಂದೆ ಅಷ್ಟು ಜೋರಾಗಿ ಹೋಗಿದ್ದನ್ನ ನಾನು ಯಾವತ್ತೂ ನೋಡಿರ್ಲಿಲ್ಲ ಬಿಡು. ಪ್ರತಿ ವರ್ಷ ನಿಂತು ಬಿಯರು ಕುಡೀತಿದ್ದ ಸೋಮಾರಿ."

ನಾನು ಕ್ಷಮೆ ಕೇಳಿದೆ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದು ಅರ್ಧಕ್ಕೆ ಮರೆತುಹೋಯಿತು. ಅವನು ಒಳ್ಳೆಯ ಕೈಯನ್ನು ಬೀಸಿದ.

"ನನ್ನ ಹತ್ರ ಯಾಕಪ್ಪ ಕೇಳ್ತಿ? ನಾನು ಕೂತಿದ್ದೆ. ಹೊತ್ತವರು ಅವರು. ಅಂಗಡಿ ಮುಚ್ಚಿ, ಭಾನುವಾರದ ಬಟ್ಟೆ ಹಾಕ್ಕೊಂಡು ನಿಂತವರು ಅವರು. ಅವರ ಮನೆಗೆ ಹೋಗಿ ಕೇಳು."

ಹೋದೆ. ರೊಟ್ಟಿ ಅಂಗಡಿಯವನು ನನ್ನ ಮುಖ ನೋಡಿ ಬಾಗಿಲು ಹಾಕಿಕೊಂಡ. ಬೈಯುವುದು ಬಾಕಿ ಇದೆ ಅಂತ ನೆನಪಾಗಿ ಕಿಟಕಿ ತೆಗೆದು ಬೈದ. ಅಂಚೆಯವನು ತನ್ನ ಸೊಂಟನೋವನ್ನು ತೋರಿಸಿದ, ಕುರ್ಚಿ ಹೊತ್ತಾಗ ಬಂದದ್ದಂತೆ. ಸ್ಮಶಾನದಲ್ಲಿ ಗುಂಡಿ ತೋಡುವ ಮುದುಕ ನನ್ನ ಕೈ ಕುಲುಕಿ, "ಪರವಾಗಿಲ್ಲ, ಎಲ್ರೂ ಕೊನೆಗೆ ನನ್ನ ಹತ್ರಾನೇ ಬರ್ತಾರೆ" ಎಂದ. ನಾಲ್ಕನೆಯವಳು ಒಡೆಟ್, ಬಿಯರಿನ ಅಂಗಡಿ ನಡೆಸುತ್ತಾಳೆ. ಅವತ್ತು ಮುಷ್ಟಿ ತೋರಿಸಿದ ದಪ್ಪ ಹೆಂಗಸು ಅವಳೇ. ಲೋಟ ಒರೆಸುತ್ತ ಒಂದೇ ಮಾತು ಕೇಳಿದಳು: "ನಿಮ್ಮೂರಲ್ಲಿ ಅಪ್ಪ ಅಮ್ಮ ಇರೋಲ್ವಾ?"

ಇದ್ದಾರೆ ಅಂದೆ. ಅಲ್ಲಿಯೇ ನನಗೆ ಅಳು ಬಂತು. ಅವಳು ನೋಡದವಳ ಹಾಗೆ ಲೋಟ ಒರೆಸಿದಳು. ಆಮೇಲೆ ಬಿಸಿ ಸೂಪು ತಂದಿಟ್ಟಳು.

ಲೀವನ್ ಸಿಕ್ಕಿದ್ದು ಹೊರಡುವಾಗ, ಮನೆಯ ಮುಂದೆ. ಸೈಕಲ್ಲು ಒಳಗಿಟ್ಟ, ನನ್ನನ್ನು ದಾಟಿ ಹೋದ. ಮಾತಿಲ್ಲ. ಅವನ ಜಾಗದಲ್ಲಿದ್ದರೆ ನಾನೂ ಹಾಗೇ ಮಾಡುತ್ತಿದ್ದೆ. ಗುಂಪಿನಲ್ಲೂ ಏನೂ ಬದಲಾಗಿಲ್ಲ, ಮೊಣಕೈಗಳು ಇದ್ದ ಹಾಗೇ ಇವೆ.

ಅಪ್ಪನಿಗೆ ಹೇಳು, ಕುರ್ಚಿಗೆ ಹಿಡಿ ಇರಲಿಲ್ಲ. ಎರಡು ಕೋಲು ಕಟ್ಟಿದೆವು. ಅಂಚೆಯವನು ಅಪ್ಪನಿಗೆ ನಮಸ್ಕಾರ ಹೇಳಿದ್ದಾನೆ.

ರೋಲ್ಫ್


ಟೋರ್ಪ್ ಕ್ರೀಕ್
ಆಗಸ್ಟ್ 16, 1987

ರೋಲ್ಫ್‌ಗೆ,

ಕೋಲಿನ ಸುದ್ದಿ ಓದಿದಾಗ ಅಪ್ಪ ಇನ್ನೊಂದು ಆಲೂಗಡ್ಡೆ ರೊಟ್ಟಿ ಹಾಕಿಸಿಕೊಂಡರು. "ಯಾವ ಮರದ್ದು?" ಅಂತ ಕೇಳಿದರು. ನೀನು ಬರೆದಿರಲಿಲ್ಲ. ಅಂಥದ್ದನ್ನು ಬರೆಯಬೇಕು.

ಮೇಸ್ತ್ರಿ ಭಾನುವಾರ ಚರ್ಚಿನ ಹೊರಗೆ ಸಿಕ್ಕಿದ್ದ. ಮಗ ಬರುತ್ತಾನಾ ಇಲ್ಲವಾ, ಬೇರೆ ಹುಡುಗರು ಕಾಯುತ್ತಿದ್ದಾರೆ ಅಂತ ಅಪ್ಪನನ್ನು ಕೇಳಿದ. ಅಪ್ಪ "ನೋಡೋಣ" ಅಂದರು. ಆ ಮಾತಿಗೆ ಏನರ್ಥ ಅಂತ ಮದುವೆಯಾದಾಗಿನಿಂದ ಹುಡುಕುತ್ತಿದ್ದೇನೆ.

ಲೀವನ್ ಮಾತಾಡದಿದ್ದರೆ ಬೇಡ. ನೀನು ಮುದುಕನನ್ನು ನೋಡಲು ಹೋಗುವುದನ್ನು ಬಿಡಬೇಡ. ಸುಗ್ಗಿಯ ಆಸೆಯಿಂದ ಒಮ್ಮೆ ನೀರು ಹಾಯಿಸಿ ದಿನಾ ಬೇರು ಕಿತ್ತು ನೋಡಬಾರದು.

ಕರಾರು ಮುಗಿಯುವ ಮೊದಲು ಏನಾಗುತ್ತದೆ ಬರೆ. ನನಗೆ ನಿನ್ನ ಕಾಲಿನ ಮೇಲೆ ಭರವಸೆ ಇದೆ.

ಅಮ್ಮ


ಗೆಂಟ್
ಸೆಪ್ಟೆಂಬರ್ 13, 1987

ಅಮ್ಮಾ,

ಓಕ್ ಮರದ್ದು. ಗುಂಡಿ ತೋಡುವವನು ಕೊಟ್ಟದ್ದು, ಎಲ್ಲಿಂದ ತಂದ ಅಂತ ಯಾರೂ ಕೇಳಲಿಲ್ಲ.

ಈಗ ದೊಡ್ಡ ಸುದ್ದಿ ಕೇಳು. ನಮ್ಮ ನಾಯಕ ಬಿದ್ದು ಭುಜದ ಮೂಳೆ ಮುರಿದುಕೊಂಡಿದ್ದಾನೆ. ಇಪ್ಪತ್ತೇಳರಂದು ವರ್ಷದ ಕೊನೆಯ ರೇಸು. ಆಲ್ಬೆರಿಕ್ ನನ್ನನ್ನು ಕರೆದು ಕೂರಿಸಿಕೊಂಡ.

"ನೀರು ಹೊರಬೇಕಾಗಿಲ್ಲ. ಹೊತ್ತರೂ ಕುಡಿಯೋಕೆ ಯಾರೂ ಇಲ್ಲ. ಕೊನೇ ಬೆಟ್ಟದ ತನಕ ಗುಂಪಿನ ಹಿಂದೆ ಗಾಳಿ ತಾಗದ ಹಾಗೆ ಬಚ್ಚಿಟ್ಕೊ. ಅಲ್ಲಿ ದಾರಿ ಅಗಲ, ಯಾರೂ ತಡೆಯೋಕಾಗಲ್ಲ. ಕಾಲಲ್ಲಿ ಇದ್ದದ್ದೆಲ್ಲ ಸುರಿ. ಮೊದಲ ಹತ್ತರಲ್ಲಿ ಬಂದ್ರೆ ಇನ್ನೊಂದು ವರ್ಷ ಇರ್ತೀಯ."

"ಬರದಿದ್ರೆ?"

"ಅಮೆರಿಕ ಒಳ್ಳೆ ದೇಶ ಅಂತಾರಪ್ಪ."

ಬರುತ್ತೇನೆ ಅಮ್ಮಾ. ನನ್ನ ಕಾಲು ಇಷ್ಟು ಚೆನ್ನಾಗಿ ಯಾವತ್ತೂ ಇರಲಿಲ್ಲ. ಯಾರಿಗೂ ಹೇಳಿಲ್ಲ, ಗೆರ್ಡಾಳಿಗೆ ಮಾತ್ರ ಗೊತ್ತು. ಅವಳ ಪಾತ್ರೆಗಳು ಖಾಲಿಯಾಗುವುದರಲ್ಲೇ ಗೊತ್ತಾಗುತ್ತದಂತೆ.

ಅದೇ ಲೀವನ್‌ನ ಕೊನೆಯ ರೇಸು ಕೂಡ. ಹೋಲ್ಡೆರ್‌ಬೆಕ್‌ನ ರಸ್ತೆಯನ್ನು ಚರಂಡಿಗಾಗಿ ಅಗೆದಿದ್ದಾರೆ, ಹಾಗಾಗಿ ರೇಸು ಊರಿನೊಳಗೆ ಬರುವುದಿಲ್ಲ, ಊರಾಚೆಯ ಬೆಟ್ಟದ ಮೇಲೆ ಹಾಯುತ್ತದೆ, ಅದು ಕೊನೆಯ ಬೆಟ್ಟಕ್ಕಿಂತ ಮೊದಲು ಸಿಗುವುದು. ಅವತ್ತು ಹೊತ್ತ ನಾಲ್ವರೂ ಮತ್ತೆ ರೆಮಿಯನ್ನು ಹೊತ್ತು ಬೆಟ್ಟದ ತಿರುವಿನ ತನಕ ತರುತ್ತಾರೆ. ಆದರೆ ಆ ಮರ್ಯಾದೆ ಊರಿನೊಳಗೆ ಮಾತ್ರ ನಡೆಯುವಂಥದ್ದು. ಬೆಟ್ಟದ ಮೇಲೆ ಎಲ್ಲರೂ ಜಿದ್ದಿಗೆ ಬಿದ್ದಿರುತ್ತಾರೆ, ಅಲ್ಲಿ ಒಬ್ಬನಿಗಾಗಿ ಯಾರೂ ನಿಲ್ಲುವುದಿಲ್ಲ. ರೆಮಿಗೂ ಅದು ಗೊತ್ತು. "ಹಾದು ಹೋಗೋದನ್ನ ನೋಡಿದ್ರೆ ಸಾಕು" ಎನ್ನುತ್ತಾನೆ. ಯಾರೂ ಕೇಳದಿದ್ದರೂ ಅದನ್ನೇ ಹೇಳುತ್ತಿರುತ್ತಾನೆ.

ಅಪ್ಪನಿಗೆ ಹೇಳು, ಕಾರ್ಖಾನೆಯ ಜಾಗ ಬಹುಶಃ ಬೇಕಾಗುವುದಿಲ್ಲ. ಬಹುಶಃ ಅಂತಲೇ ಹೇಳು.

ರೋಲ್ಫ್


ಟೋರ್ಪ್ ಕ್ರೀಕ್
ಸೆಪ್ಟೆಂಬರ್ 25, 1987

ರೋಲ್ಫ್,

ನಾನು ಕಾಗದ ಬರೆಯುವವನಲ್ಲ. ನಿನ್ನಮ್ಮ ಬಸ್ಸು ತೆಗೆದುಕೊಂಡು ಹೋಗಿದ್ದಾಳೆ.

ನಿನ್ನ ರೇಸು ನಾಡಿದ್ದು. ಇದು ನಿನ್ನ ಕೈ ಸೇರುವಾಗ ಅದು ಮುಗಿದಿರುತ್ತದೆ. ಏನಾಗಿದೆಯೋ ನನಗೆ ಗೊತ್ತಿಲ್ಲ.

ಮೇಸ್ತ್ರಿ ಇವತ್ತು ಮತ್ತೆ ಕೇಳಿದ. ಆ ಜಾಗ ಬೇರೆಯವರಿಗೆ ಕೊಡು ಅಂದೆ. ಬೆಟ್ಟದಾಚೆಯ ಹೊಲದವರ ಮಗನಿಗೆ ಕೊಟ್ಟ. ಸೋಮವಾರದಿಂದ ಬರುತ್ತಾನೆ.

ಯೋಚನೆ ಮಾಡಿಯೇ ಹೇಳಿದ್ದು. ನೀನು ಗೆಲ್ಲುತ್ತೀಯ ಅಂತ ಹೇಳಿದ್ದಲ್ಲ. ಸೋತವನು ಬಂದು ಬೀಳುವುದಕ್ಕೆ ಅಂತ ನಾನು ಆ ಜಾಗ ಹಿಡಿದಿಟ್ಟಿದ್ದು. ನೀನು ನಾಲ್ಕು ಮನೆಯ ಬಾಗಿಲಿಗೆ ಹೋಗಿ ಬೈಸಿಕೊಂಡು ಬಂದ ಕಾಗದ ಕೇಳಿದ ಮೇಲೆ ಅದು ಬೇಡ ಅನ್ನಿಸಿತು. ಅಂಥವನು ಬೀಳುವುದಿಲ್ಲ.

ಬರಬೇಕಾದರೆ ಬಾ. ಹಾಸಿಗೆ ಇದೆ, ಊಟ ಇದೆ. ಕೆಲಸ ಇಲ್ಲ.

ಓಕ್ ಆದರೆ ಗಟ್ಟಿ. ತೂಕ ಜಾಸ್ತಿ.

ಅಪ್ಪ
ಮೆಲ್ವಿನ್


ಹೋಲ್ಡೆರ್‌ಬೆಕ್, ಬೆಲ್ಜಿಯಂ
ಅಕ್ಟೋಬರ್ 11, 1987

ಅಪ್ಪಾ,

ಅಮ್ಮನಿಗೆ ಬರೆಯುವ ಕಾಗದವನ್ನು ಈ ಸಲ ನಿಮಗೆ ಬರೆಯುತ್ತಿದ್ದೇನೆ. ನೀವೇ ಅವಳಿಗೆ ಗಟ್ಟಿಯಾಗಿ ಓದಿ ಹೇಳಿ.

ರೇಸಿನ ದಿನ ಆಲ್ಬೆರಿಕ್ ಹೇಳಿದ ಹಾಗೆಯೇ ಹಿಂದೆ ಅಡಗಿ ಕೂತಿದ್ದೆ. ಹೋಲ್ಡೆರ್‌ಬೆಕ್‌ನ ಬೆಟ್ಟ ಹತ್ತಿರವಾಗುತ್ತಿದ್ದಂತೆ ವೇಗ ಏರಿತು. ಅಷ್ಟು ಹೊತ್ತಿಗೆ ರೆಮಿ ತಿರುವಿನಲ್ಲಿ ಕೂತು ಒಳ್ಳೆಯ ಕೈಯನ್ನು ಹಣೆಗೆ ಅಡ್ಡ ಹಿಡಿದು ನೋಡುತ್ತಿರುತ್ತಾನೆ ಅಂತ ನನಗೆ ಗೊತ್ತಿತ್ತು. ಮತ್ತೊಂದು ಸಲ ಅವನ ಮುಂದೆ ಧೂಳೆಬ್ಬಿಸಿಕೊಂಡು ಹೋಗಲು ನನ್ನಿಂದ ಆಗಲಿಲ್ಲ. ಯೋಚನೆ ಮಾಡಿದ್ದೇನೂ ಇಲ್ಲ.

ಗುಂಪಿನೊಳಗೆ ಯಾರೂ ದಾರಿ ಬಿಡಲಿಲ್ಲ. ರಸ್ತೆ ಬಿಟ್ಟು ಪಕ್ಕದ ಹುಲ್ಲಿಗೆ ಇಳಿದೆ. ಎದುರುಗಾಳಿಯಲ್ಲಿ, ಹುಲ್ಲಿನ ಮೇಲೆ, ಅಷ್ಟುದ್ದದ ಗುಂಪನ್ನು ಒಬ್ಬನೇ ದಾಟಿ ಮುಂದೆ ಬಂದೆ. ತೊಡೆ ಸುಟ್ಟುಹೋಯಿತು. ಎಲ್ಲರಿಗಿಂತ ಮುಂದೆ ಬಂದು, ಸೀಟಿನ ಮೇಲೆ ನೆಟ್ಟಗೆ ಕೂತು, ಎರಡೂ ಕೈ ಅಗಲಿಸಿ, ನನಗೆ ಬರುವಷ್ಟು ಅವರ ಭಾಷೆಯಲ್ಲಿ ಕೂಗಿದೆ: "ಲೀವನ್ ಅಪ್ಪ ಮೇಲೆ ತಿರುವಿನಲ್ಲಿದ್ದಾನೆ. ನಿಧಾನ."

ಬೈಗುಳ ಬಂತು. "ಇದು ಊರಲ್ಲ ಕಣೋ, ಬೆಟ್ಟ" ಎಂದ ಒಬ್ಬ. "ಈಗ ನಿಂಗೆ ನೆನಪಾಯ್ತಾ?" ಎಂದ ಇನ್ನೊಬ್ಬ. ಅಷ್ಟರಲ್ಲಿ ಫ್ರಾನ್ಸಿನ ಹೊಸ ಹುಡುಗನೊಬ್ಬ ಸಂದು ಸಿಕ್ಕಿತೆಂದು ಮುಂದಕ್ಕೆ ಚಿಮ್ಮಿದ. ಏಪ್ರಿಲಿನ ನನ್ನನ್ನೇ ನೋಡಿದ ಹಾಗಾಯಿತು. ಉಳಿದದ್ದೆಲ್ಲ ಸುರಿದು ಅವನ ಪಕ್ಕಕ್ಕೆ ಹೋದೆ.

"ಬೇಡ."

"ಯಾಕೆ?"

"ಆಮೇಲೆ ಹೇಳ್ತೀನಿ. ಈಗ ನನ್ನ ಮಾತು ಕೇಳು, ಇಲ್ದಿದ್ರೆ ಒಂದು ವರ್ಷ ಅನುಭವಿಸ್ತೀಯ."

ನನ್ನ ಮುಖದಲ್ಲಿ ಏನು ಕಂಡನೋ, ತುಳಿಯುವುದು ಬಿಟ್ಟ. ಹಿಂದೆ ನೋಡಿದರೆ ಇಡೀ ಗುಂಪು ನಡೆಯುವ ವೇಗದಲ್ಲಿ ಬರುತ್ತಿತ್ತು. ಲೀವನ್ ಮಾತ್ರ ಮಧ್ಯದಿಂದ ಅಲುಗಲಿಲ್ಲ. ತಲೆ ತಗ್ಗಿಸಿಕೊಂಡಿದ್ದ. ಎಲ್ಲರೂ ಅವನಿಗಾಗಿ ನಿಧಾನಿಸಿದ್ದಾರೆ, ಅವನು ಹೋಗಲೊಲ್ಲ. ನನ್ನಿಂದ ಸಿಕ್ಕಿದ್ದು ಅವನಿಗೆ ಬೇಡವೇನೋ ಅಂದುಕೊಂಡೆ. ಕೊನೆಗೆ ಅವನ ಹಿಂದಿದ್ದ ಯಾರೋ, "ಹೋಗೋ ಮಾರಾಯ, ನಮಗೂ ಮನೆಗೆ ಹೋಗ್ಬೇಕು" ಎಂದು ಬೆನ್ನಿಗೆ ಕೈಕೊಟ್ಟು ತಳ್ಳಿದ.

ಅವನು ನನ್ನ ಪಕ್ಕದಲ್ಲೇ ದಾಟಿ ಹೋದ, ನೋಡಲಿಲ್ಲ. ತಿರುವಿನಲ್ಲಿ ಇಳಿದು ಸೈಕಲ್ಲನ್ನು ಹುಲ್ಲಿನ ಮೇಲೆ ಹಾಕಿ ಕುರ್ಚಿಯ ಮುಂದೆ ಮೊಣಕಾಲೂರಿದ. ರೆಮಿ ಅವನ ಕಿವಿ ಹಿಡಿದು ಎಳೆದು, ತಲೆಯನ್ನು ತನ್ನ ಎದೆಗೆ ಒತ್ತಿಕೊಂಡ. ನಾವು ಪಕ್ಕದಲ್ಲಿ ಸದ್ದಿಲ್ಲದೆ ಹಾದುಹೋದೆವು. ಒಡೆಟ್ ನನ್ನ ಬಾಯಿಗೆ ಒಂದು ತುಂಡು ಕೇಕು ತುರುಕಿದಳು, ಉಗುಳಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ.

ಅವನು ಬಂದು ಸೇರಿದ ಮೇಲೆ ರೇಸು ಮತ್ತೆ ಶುರುವಾಯಿತು. ಕೊನೆಯ ಬೆಟ್ಟದ ಬುಡದಲ್ಲಿ ಒಂದು ವಿಚಿತ್ರ ನಡೆಯಿತು. ನನ್ನ ಎದುರಿನವನು ಮೊಣಕೈ ಒಳಗೆಳೆದುಕೊಂಡ. ಅವನ ಮುಂದಿನವನೂ. ಅವನ ಮುಂದಿನವನೂ. ನೇರ ದಾರಿ, ಗುಂಪಿನ ಮುಂಭಾಗದ ತನಕ. ಆದರೆ ನನ್ನ ಕಾಲಿನಲ್ಲಿ ಏನೂ ಉಳಿದಿರಲಿಲ್ಲ. ಹಲ್ಲಿದ್ದಾಗ ಕಡಲೆ ಇರಲಿಲ್ಲ, ಕಡಲೆ ಸಿಕ್ಕಾಗ ಹಲ್ಲಿಲ್ಲ. ಗುಂಪು ನನ್ನನ್ನು ಬಿಟ್ಟು ಹೋಯಿತು. ಬಹಳ ಹಿಂದೆ, ಬಾವುಟಗಳನ್ನು ಮಡಚುವ ಹೊತ್ತಿಗೆ ಗುರಿ ಸೇರಿದೆ.

ಆಲ್ಬೆರಿಕ್ ಕೂಗಾಡಲಿಲ್ಲ. "ಕಾಲಿತ್ತು ನಿಂಗೆ. ಅದನ್ನ ಮುದುಕನಿಗೆ ಕೊಟ್ಟೆ. ಒಳ್ಳೆಯವನು ನೀನು. ಒಳ್ಳೆಯವರನ್ನ ಇಟ್ಕೊಂಡು ಹಾಸಿಗೆ ಮಾರೋಕಾಗಲ್ಲ" ಎಂದ. ಕರಾರು ಅಲ್ಲಿಗೆ ಮುಗಿಯಿತು.

ವಿಮಾನದ ಟಿಕೆಟು ತೆಗೆಸಿದೆ. ಪೆಟ್ಟಿಗೆ ಕಟ್ಟಿದೆ. ಗೆರ್ಡಾ ಬರೀ ಅಡುಗೆ ಮಾಡುತ್ತಿದ್ದಳು. ಕಾರ್ಖಾನೆ ಇದೆಯಲ್ಲ ಅಂತ ನಾನೇ ನನಗೆ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಆಗ ನಿಮ್ಮ ಕಾಗದ ಬಂತು.

ಪೆಟ್ಟಿಗೆಯ ಮೇಲೆ ಕೂತು ಓದಿದೆ ಅಪ್ಪಾ. ಮೊದಲು ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಆಮೇಲೆ "ಕೆಲಸ ಇಲ್ಲ" ಅನ್ನುವುದನ್ನು ಮತ್ತೆ ಓದಿದೆ. ನಗು ಬಂತು, ಅಳುವೂ ಬಂತು, ಗೆರ್ಡಾ ಕೈಯಲ್ಲಿ ಸೌಟು ಹಿಡಿದು ಓಡಿ ಬಂದಳು. ಇಷ್ಟು ವರ್ಷ ನೀವು ಹೊರಗೆ ಎದ್ದು ಹೋಗುತ್ತಿದ್ದದ್ದನ್ನು ನಾನು ತಪ್ಪಾಗಿ ತಿಳಿದಿದ್ದೆ.

ಬೀಳಲು ಜಾಗವಿಲ್ಲದ ಮೇಲೆ ನಿಲ್ಲಲು ಜಾಗ ಹುಡುಕಬೇಕಲ್ಲ. ಸೈಕಲ್ ಹತ್ತಿ ಸೀದಾ ಲೀವನ್‌ನ ಮನೆಗೆ ಹೋದೆ. ಅವನು ಬರುವ ವರ್ಷದಿಂದ ಒಂದು ಹೊಸ ತಂಡ ನಡೆಸುತ್ತಾನೆ, ಹೆಂಚು ಮಾಡುವವರ ತಂಡ, ಅದು ಇಡೀ ಊರಿಗೆ ಗೊತ್ತಿದ್ದ ಸಂಗತಿ. ಅಂಗಳದಲ್ಲಿ ಚಕ್ರ ಸರಿಮಾಡುತ್ತಿದ್ದ. ಬಾಗಿಲಲ್ಲಿ ನಿಂತು ನೇರವಾಗಿ ಕೇಳಿದೆ, ನನಗೆ ಕೆಲಸ ಬೇಕು ಅಂತ.

ಅವನು ಮೊದಲ ಬಾರಿ ನನ್ನ ಮುಖ ನೋಡಿದ.

"ಎರಡು ಸಲ ಯಾರೂ ಹೋಗದ ಕಡೆ ಹೋದೆ ನೀನು. ಒಂದು ಸಲ ನನ್ನನ್ನ ಹಿಡಿಯೋಕೆ, ಒಂದು ಸಲ ಉಳಿದವರನ್ನ ಹಿಡಿಯೋಕೆ." ಚಕ್ರವನ್ನು ತಿರುಗಿಸಿ ಅದು ನಿಲ್ಲುವ ತನಕ ಕಾದ. "ಬುದ್ಧಿವಂತರು ಬೇಕಾದಷ್ಟು ಸಿಗ್ತಾರೆ. ನಂಗೆ ಇಂಥ ಪೆದ್ದ ಒಬ್ಬ ಬೇಕು. ಎರಡು ವರ್ಷ. ಈ ಊರಲ್ಲೇ ಇರ್ಬೇಕು, ಕಣ್ಣ ಮುಂದೆ."

ಒಳಗಿಂದ ರೆಮಿ ಕೂಗಿದ: "ಕಾಲು ಒರೆಸ್ಕೊಂಡು ಬರೋಕೆ ಹೇಳು ಅವನಿಗೆ."

ಟಿಕೆಟು ರದ್ದಾಯಿತು. ಒಡೆಟ್‌ಳ ಅಂಗಡಿಯ ಮೇಲಿನ ಕೋಣೆಗೆ ನಿನ್ನೆ ಬಂದೆ. ಈ ಕಾಗದವನ್ನು ಅಲ್ಲಿಂದಲೇ ಬರೆಯುತ್ತಿದ್ದೇನೆ. ಈಗ ನನ್ನ ಹೆಸರೂ ಇದೇ ಊರಿನವರ ಪಟ್ಟಿಯಲ್ಲಿದೆ.

ಚರಂಡಿಯ ಕೆಲಸ ಚಳಿಗಾಲದಲ್ಲಿ ಮುಗಿಯುತ್ತದಂತೆ. ಏಪ್ರಿಲಿನಲ್ಲಿ ರೇಸು ಮತ್ತೆ ಊರೊಳಗೆ ಬರುತ್ತದೆ. ಅಮ್ಮನನ್ನು ಕರೆದುಕೊಂಡು ಬನ್ನಿ. ಶಾಲೆಗೆ ಒಂದು ವಾರ ಬೇರೆಯವರು ಬಸ್ಸು ಓಡಿಸಲಿ. ರಸ್ತೆಯ ಯಾವ ಕಡೆ ನಿಲ್ಲುತ್ತೀರಿ ಅನ್ನುವುದನ್ನು ಮಾತ್ರ ಮೊದಲೇ ಬರೆಯಿರಿ.

ನಾನು ಅಲ್ಲಿ ಇಳಿಯುತ್ತೇನೆ. ಯಾರೂ ನನ್ನ ಹಿಂದೆ ಬರುವುದಿಲ್ಲ.

ನಿಮ್ಮ ಮಗ
ರೋಲ್ಫ್